ನನ್ನನ್ನು ಜಪಾನಿಗೆ ಕಳಿಸಿದ್ದು ಒಂದು ಸಿನಿಮಾ

ನಿನ್ನೆಯಿಂದ ಮನಸ್ಸು ಕುದಿಯುತ್ತಿದೆ. ಬರೆದು ಮುಗಿಸದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ತೀರ್ಥಹಳ್ಳಿ ಹತ್ತಿರ ನೆಂಟರ ಮನೆಯ ಗೃಹಪ್ರವೇಶ. ನಾನು ಜಪಾನಿನಿಂದ ರಜೆಗೆ ಬಂದಿದ್ದೇನೆ. ಊಟ ಮುಗಿದು ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆ ಸುತ್ತುತ್ತಿತ್ತು. ನಮ್ಮ ಕಡೆಯದೇ ಒಬ್ಬ ಹುಡುಗಿ, ಡಿಗ್ರಿ ಕೊನೆಯ ವರ್ಷ. ಯಾರೋ "ಮುಂದೇನಮ್ಮಾ?" ಅಂತ ಕೇಳಿದರು. ಅವಳು ನೇರವಾಗಿ ಹೇಳಿದಳು, "ಜಪಾನೀಸ್ ಕಲೀತಿದೀನಿ. ಜಪಾನಿಗೆ ಹೋಗ್ಬೇಕು." ಯಾಕೆ ಅಂದರು. "ಒಂದು ಕಾರ್ಟೂನ್ ಸಿನಿಮಾ ನೋಡಿದೆ. ಆವತ್ತಿಂದ ಅಲ್ಲಿ ಇರ್ಬೇಕು ಅನ್ನಿಸ್ತಿದೆ."

ಇಡೀ ಜಗಲಿ ನಕ್ಕಿತು. ಒಬ್ಬರು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಮ್ಮ ಚಿಕ್ಕಪ್ಪ ಮಾತ್ರ ನಗಲಿಲ್ಲ, ಸಿಟ್ಟಾದರು. "ಸಿನಿಮಾ ನೋಡಿ ಯಾರಾದ್ರೂ ದೇಶ ಬಿಡ್ತಾರೇನೇ? ಅದೂ ಕಾರ್ಟೂನ್ ಸಿನಿಮಾ! ಇವಳನ್ನು ನೋಡಿ ಕಲಿ" ಅಂತ ನನ್ನ ಕಡೆ ಕೈ ತೋರಿಸಿದರು. "ಚೆನ್ನಾಗಿ ಓದಿದಳು, ಕೆಲಸಕ್ಕೆ ಸೇರಿದಳು, ಕಂಪನಿಯೇ ಕಳಿಸ್ತು. ಹಾಗೆ ಹೋಗಬೇಕು."

ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿಕೊಂಡು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡೆ. ಒಂದು ಮಾತೂ ಆಡಲಿಲ್ಲ.

ನನ್ನ ಸಿಟ್ಟು ಚಿಕ್ಕಪ್ಪನ ಮೇಲೆ ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ಆ ನನ್ನ ಮೌನದ ಮೇಲಿದೆ. ಯಾಕೆಂದರೆ ನಾನು ಜಪಾನಿಗೆ ಹೋಗಿದ್ದು ಒಂದು ಸಿನಿಮಾ ನೋಡಿ. ಅದೂ ಕಾರ್ಟೂನ್ ಸಿನಿಮಾ. ಹತ್ತು ವರ್ಷದಿಂದ ಎಲ್ಲರಿಗೂ "ಕಂಪನಿ ಕಳಿಸ್ತು" ಅಂತ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ಸುಳ್ಳು. ಇವತ್ತು ಪೂರ್ತಿ ಹೇಳುತ್ತೇನೆ.

2008. ಬೆಂಗಳೂರಿನಲ್ಲಿ ಒಂದು ಚಿಕ್ಕ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಪಿಜಿಯಲ್ಲಿ ರೂಮ್‌ಮೇಟ್ ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ 'ಮೈ ನೇಬರ್ ಟೊಟೊರೊ' ಹಾಕಿದಳು. ಜಪಾನಿನ ನಿರ್ದೇಶಕ ಹಯಾಓ ಮಿಯಾಜಾಕಿ 1988ರಲ್ಲಿ ಮಾಡಿದ ಚಿತ್ರ, ಒಂದೂವರೆ ಗಂಟೆಯೂ ಇಲ್ಲ. ನಾನು ಅರ್ಧ ಮನಸ್ಸಿನಿಂದ ಕೂತಿದ್ದೆ.

ಅಕ್ಕ ತಂಗಿ ಇಬ್ಬರು ಅಪ್ಪನ ಜೊತೆ ಹಳ್ಳಿಯ ಹಳೇ ಮನೆಗೆ ಬರುತ್ತಾರೆ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಏನು ಕಾಯಿಲೆ ಅಂತ ಸಿನಿಮಾ ಹೇಳುವುದಿಲ್ಲ. ಮೂಲೆಯಲ್ಲಿ ಮಸಿ, ಹೊರಗೆ ಕೈ ಪಂಪು, ಕೆಳಗೆ ಬೆಂಕಿ ಹಾಕಿ ನೀರು ಕಾಯಿಸುವ ಬಚ್ಚಲು, ಮನೆ ಪಕ್ಕದಲ್ಲೇ ದೊಡ್ಡದೊಂದು ಕರ್ಪೂರದ ಮರ. ಸುತ್ತ ಗದ್ದೆ. ಒಂದು ಸಂಜೆ ಮಳೆ. ಅಪ್ಪ ಕೊಡೆ ಬಿಟ್ಟು ಹೋಗಿದ್ದಾನೆ. ಮಕ್ಕಳಿಬ್ಬರೂ ಕೊಡೆ ಹಿಡಿದುಕೊಂಡು ಬಸ್ ಸ್ಟಾಪಿನಲ್ಲಿ ಕಾಯುತ್ತಾರೆ. ಬಸ್ಸು ಬರುತ್ತದೆ, ಅಪ್ಪ ಇಳಿಯುವುದಿಲ್ಲ. ಕತ್ತಲಾಗುತ್ತದೆ. ಚಿಕ್ಕವಳು ಅಕ್ಕನ ಬೆನ್ನ ಮೇಲೆ ನಿದ್ದೆ ಹೋಗುತ್ತಾಳೆ. ಆಗ ಪಕ್ಕದಲ್ಲಿ ಆ ದೊಡ್ಡ ಪ್ರಾಣಿ, ಟೊಟೊರೊ, ತಲೆ ಮೇಲೆ ಒಂದು ಎಲೆ ಇಟ್ಟುಕೊಂಡು ಬಂದು ನಿಲ್ಲುತ್ತದೆ. ಮಳೆಗೆ ನಾವು ಕೆಸುವಿನ ಎಲೆ ತಲೆ ಮೇಲೆ ಹಿಡಿದು ಓಡುತ್ತಿದ್ದೆವಲ್ಲ, ಹಾಗೆಯೇ.

ನಾನು ಬಿಕ್ಕಿ ಬಿಕ್ಕಿ ಅತ್ತೆ. ರೂಮ್‌ಮೇಟ್ ಹೆದರಿಬಿಟ್ಟಳು.

1994ರ ಮಳೆಗಾಲದಲ್ಲಿ ನನಗೆ ಒಂಬತ್ತು ವರ್ಷ, ತಮ್ಮನಿಗೆ ನಾಲ್ಕು. ಅಮ್ಮ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದ್ದಳು. ಅಪ್ಪ ಎರಡು ದಿನಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಹೋಗಿ ಕೊನೆಯ ಬಸ್ಸಿಗೆ ವಾಪಸ್ ಬರುತ್ತಿದ್ದರು. ಘಾಟಿಯಲ್ಲಿ ಮರ ಬಿದ್ದರೆ ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳುವ ಹಾಗಿಲ್ಲ. ನಾನು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅಪ್ಪನ ಕೊಡೆ ಕಂಕುಳಲ್ಲಿಟ್ಟುಕೊಂಡು ರಸ್ತೆ ಬದಿಯಲ್ಲಿ ನಿಲ್ಲುತ್ತಿದ್ದೆ. ಬೇಡ ಅಂತ ಅಜ್ಜಿ ಬೈದರೂ ಹೋಗುತ್ತಿದ್ದೆ. ಬಸ್ಸಿನ ದೀಪ ತಿರುವಿನಲ್ಲಿ ಕಂಡ ಕೂಡಲೇ ಎದೆಯಲ್ಲಿ ಒಂದು ಭಯ. ಅಪ್ಪ ಇಳಿಯುತ್ತಾರಾ, ಇಳಿದರೆ ಮುಖ ಹೇಗಿರುತ್ತದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಅಂತಲೇ ಅನ್ನಿಸಿರಲಿಲ್ಲ. ನಮ್ಮ ಕಡೆ ಎಷ್ಟು ಮನೆಯಲ್ಲಿ ಕಾಯಿಲೆ, ಎಷ್ಟು ಮನೆಯಲ್ಲಿ ಕಾಯುವ ಮಕ್ಕಳು. ಆದರೆ ಎಲ್ಲೋ ದೂರದ ದೇಶದಲ್ಲಿ, ನಾನು ಮೂರು ವರ್ಷದ ಮಗುವಾಗಿದ್ದಾಗ, ಯಾರೋ ಒಬ್ಬರು ಕೂತು ಅದನ್ನು ಒಂದೊಂದೇ ಚಿತ್ರವಾಗಿ ಬರೆದಿದ್ದರು. ಕೊಡೆಯ ಮೇಲೆ ಮರದ ಹನಿ ಬೀಳುವ ಸದ್ದನ್ನೂ ಬಿಟ್ಟಿರಲಿಲ್ಲ. ಹೊಳೆಯುವ ನಗರ, ಎತ್ತರದ ಕಟ್ಟಡ, ಯಾವುದೂ ಆ ಸಿನಿಮಾದಲ್ಲಿ ಇಲ್ಲ. ನನ್ನನ್ನು ಎಳೆದದ್ದು ನಮ್ಮೂರಿನಂಥದ್ದೇ ಒಂದು ಊರು. ಇಷ್ಟು ಪ್ರೀತಿಯಿಂದ ಒಂದು ಮಳೆಯ ಸಂಜೆಯನ್ನು ನೋಡುವ ಜನ ಎಲ್ಲಿದ್ದಾರೆ, ಅವರ ಮಾತು ಹೇಗಿರುತ್ತದೆ, ಅದು ನನಗೆ ಬೇಕಿತ್ತು.

ಮಾರನೇ ವರ್ಷ ವಾರಾಂತ್ಯದ ಜಪಾನೀಸ್ ಕ್ಲಾಸಿಗೆ ಸೇರಿದೆ. ಶನಿವಾರ ಭಾನುವಾರ ಬೆಳಿಗ್ಗೆ ಏಳಕ್ಕೆ. ಎರಡು ಬಸ್ಸು ಬದಲಿಸಿ ಹೋಗಬೇಕು. ಅಲ್ಲಿ ನನಗೆ ಎರಡನೇ ಆಶ್ಚರ್ಯ ಕಾದಿತ್ತು. ಆ ಭಾಷೆಯ ವಾಕ್ಯ ನಮ್ಮ ಹಾಗೆಯೇ ನಡೆಯುತ್ತದೆ! ಕ್ರಿಯಾಪದ ಕೊನೆಗೆ. 'ತಬೆತೆ ಮಿರು' ಅಂದರೆ 'ತಿಂದು ನೋಡು'. 'ತಬೆತೆ' ತಿಂದು, 'ಮಿರು' ನೋಡು. ಇಂಗ್ಲಿಷಿನಲ್ಲಿ ತಿಂಡಿಯನ್ನು ತಿಂದು 'ನೋಡುವುದು' ಇಲ್ಲವಲ್ಲ, ಅವರಿಗೂ ನಮಗೂ ಇದೆ. 'ತಿಂದುಬಿಟ್ಟೆ' ಅನ್ನುವುದಕ್ಕೂ ನಮ್ಮದರಂತೆಯೇ ಇನ್ನೊಂದು ಕ್ರಿಯಾಪದ ಅಂಟಿಸುತ್ತಾರೆ. ನಾವು 'ಅಂತ' ಅನ್ನುವ ಕಡೆ ಅವರು 'ತೊ' ಅನ್ನುತ್ತಾರೆ. ನಾವು ಗುಡುಗಿಗೆ ಗುಡುಗುಡು ಅಂದರೆ ಅವರು ಗೋರೊಗೋರೊ. ಇನ್ನೊಂದು ಕೇಳಿ. ಮನೆಯಿಂದ ಹೊರಡುವಾಗ ಅವರು 'ಇತ್ತೆ ಕಿಮಾಸು' ಅನ್ನುತ್ತಾರೆ. ಅಂದರೆ 'ಹೋಗಿ ಬರ್ತೀನಿ'. ಒಂದೊಂದು ಪದವೂ ಅದೇ ಸಾಲಿನಲ್ಲಿ. ಬರೀ 'ಹೋಗ್ತೀನಿ' ಅನ್ನಬಾರದು ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದಳು. ಆವತ್ತು ಕ್ಲಾಸಿನಲ್ಲಿ ಆ ಮಾತು ಬೋರ್ಡಿನ ಮೇಲೆ ಬಂದಾಗ ನಾನು ಅಜ್ಜಿಯನ್ನು ನೆನೆದು ಸುಮ್ನೆ ಕೂತುಬಿಟ್ಟೆ.

ಕಾಂಜಿ, ಅಂದರೆ ಚೀನಾದಿಂದ ಬಂದ ಅವರ ಚಿತ್ರದಂಥ ಅಕ್ಷರಗಳು, ಮಾತ್ರ ಸುಲಭ ಇರಲಿಲ್ಲ. ಐದು ಹಂತದ ಪರೀಕ್ಷೆ, ಎನ್5ರಿಂದ ಶುರುವಾಗಿ ಎನ್1ರ ತನಕ. ಎನ್2ರ ಹೊತ್ತಿಗೆ ಸುಮಾರು ಸಾವಿರ ಕಾಂಜಿ ಕಣ್ಣಿಗೆ ಅಭ್ಯಾಸವಾಗಿರಬೇಕು. ಒಂದು ಸಲ ಫೇಲಾದೆ. 2013ರ ಡಿಸೆಂಬರಿನಲ್ಲಿ ಎನ್2 ಬರೆದು ಪಾಸಾದೆ. ಆಮೇಲೆ ಜಪಾನಿನ ಗ್ರಾಹಕರಿರುವ ಕಂಪನಿಯನ್ನು ಹುಡುಕಿ, ಕಡಿಮೆ ಸಂಬಳಕ್ಕೆ ಅಲ್ಲಿಗೆ ಸೇರಿದೆ. ಬ್ರಿಡ್ಜ್ ಎಂಜಿನಿಯರ್ ಅನ್ನುತ್ತಾರೆ, ಇಲ್ಲಿನ ತಂಡಕ್ಕೂ ಅಲ್ಲಿನ ಗ್ರಾಹಕರಿಗೂ ನಡುವೆ ನಿಂತು ಎರಡೂ ಭಾಷೆಯಲ್ಲಿ ಕೆಲಸ ನಡೆಸುವವರು. ಕಳಿಸಿ ಕಳಿಸಿ ಅಂತ ಒಂದು ವರ್ಷ ಕೇಳಿದೆ. 2015ರಲ್ಲಿ ಹೋದೆ. ವೀಸಾ ಕಾಗದದಲ್ಲಿ ಕಂಪನಿಯ ಹೆಸರಿದೆ, ನಿಜ. ಆ ಕಾಗದದ ಹಿಂದಿನ ಏಳು ವರ್ಷ ಇದು.

ಚಿಕ್ಕಪ್ಪಾ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ನಿಮ್ಮ ಮೇಲೆ ನನಗೆ ಗೌರವ ಇದೆ, ಅದಕ್ಕೇ ನೇರವಾಗಿ ಕೇಳುತ್ತೇನೆ. ಸಂಬಳಕ್ಕಾಗಿ ದೇಶ ಬಿಟ್ಟರೆ ಮರ್ಯಾದೆ, ಒಂದು ಚಿತ್ರ ಮನಸ್ಸಿಗೆ ತಾಕಿ ದೇಶ ಬಿಟ್ಟರೆ ಹುಚ್ಚು. ಈ ಲೆಕ್ಕ ಯಾರು ಹಾಕಿಕೊಟ್ಟದ್ದು? 'ಪ್ಯಾಕೇಜ್ ಎಷ್ಟು?' ಅಂತ ಕೇಳಿ ಉತ್ತರ ಸಿಕ್ಕಿದ ಮೇಲೆ ನಾವು ಬೇರೆ ಏನನ್ನೂ ಕೇಳುವುದಿಲ್ಲ. ಆ ಊರು ನಿನಗೆ ಇಷ್ಟವಾ, ಅಲ್ಲಿನ ಮಾತು ಬರುತ್ತಾ, ಪಕ್ಕದ ಮನೆಯವರ ಹೆಸರು ಗೊತ್ತಾ, ಒಂದೂ ಕೇಳುವುದಿಲ್ಲ. ಗ್ರೀನ್ ಕಾರ್ಡ್ ಆಯ್ತಾ ಅಂತ ಮಾತ್ರ ಕೇಳುತ್ತೇವೆ.

ನಿಮಗೆ ನೆನಪಿದೆಯಾ, 90ರ ದಶಕದಲ್ಲಿ 'ಅಮೆರಿಕಾ ಅಮೆರಿಕಾ' ಬಂದಾಗ ನೀವೇ ನಮ್ಮನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಟಾಕೀಸಿಗೆ ಕರೆದುಕೊಂಡು ಹೋಗಿದ್ದಿರಿ. ನಾಗತಿಹಳ್ಳಿ ಚಂದ್ರಶೇಖರ್ ಅದರಲ್ಲಿ ಹೋಗುವುದರ ಬೆಲೆ ಏನು ಅಂತಲೇ ಕೇಳಿದ್ದರು. ಅಡಿಗರ ಕವಿತೆ ಅದರಲ್ಲಿ ಹಾಡಾಗಿ ಬಂತು. ಮನಸ್ಸನ್ನು ದೂರಕ್ಕೆ ಕರೆಯುವ ಒಂದು ದನಿಯ ಬಗ್ಗೆ ಇರುವ ಆ ಹಾಡನ್ನು ನೀವು ಈಗಲೂ ಮದುವೆ ಮನೆಗಳಲ್ಲಿ ಹಾಡುತ್ತೀರಿ, ಎಷ್ಟು ಚೆನ್ನಾಗಿ ಹಾಡುತ್ತೀರಿ. ಆವತ್ತು ಸಿನಿಮಾ ಬಿಟ್ಟ ಮೇಲೆ ನಿಮ್ಮ ದೊಡ್ಡ ಮಗ ದಾರಿಯುದ್ದಕ್ಕೂ ಅಲ್ಲಿನ ರಸ್ತೆ, ಸೇತುವೆಗಳ ಬಗ್ಗೆಯೇ ಮಾತಾಡಿದ. ಅವನಿಗೆ ಆಗ ಹದಿನಾಲ್ಕು. ಈಗ ನ್ಯೂಜೆರ್ಸಿಯಲ್ಲಿದ್ದಾನೆ. ಯಾವುದು ಅವನನ್ನು ಕರೆಯಿತು ಅಂತ ಅವನನ್ನು ಕೇಳಿದ್ದೀರಾ? ನಾನು ಕೇಳಿದ್ದೇನೆ. ಏನು ಹೇಳಿದ ಅನ್ನುವುದನ್ನು ಅವನೇ ನಿಮಗೆ ಹೇಳಲಿ.

ಇನ್ನೂ ಒಂದು. 1998ರಲ್ಲಿ ರಜನಿಕಾಂತ್ ಅವರ 'ಮುತ್ತು' ಜಪಾನಿನಲ್ಲಿ ಬಿಡುಗಡೆಯಾಗಿ ದೊಡ್ಡ ಹಿಟ್ ಆಯಿತು. ನಮ್ಮ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರನ್ನು ನೋಡಲು ಟೋಕಿಯೋದಲ್ಲಿ ಜನ ಸಾಲು ನಿಂತರು. ಅವರ ಹೊಸ ಸಿನಿಮಾ ಬಂದರೆ ಮೊದಲ ದಿನ ನೋಡಲು ಒಸಾಕಾದಿಂದ ಚೆನ್ನೈಗೆ ಬರುವ ಅಭಿಮಾನಿಗಳಿದ್ದಾರೆ. ಸಿನಿಮಾ ನೋಡಿ ತಮಿಳು ಕಲಿತವರಿದ್ದಾರೆ. ಅವರನ್ನು ಟೀವಿಯಲ್ಲಿ ತೋರಿಸಿದಾಗ ನಮಗೆ ಎಷ್ಟು ಹೆಮ್ಮೆ! "ನೋಡಿ, ನಮ್ಮ ಸಿನಿಮಾ ನೋಡಿ ಅಲ್ಲಿಂದ ಬಂದಿದ್ದಾರೆ" ಅನ್ನುತ್ತೇವೆ. ಅವರು ಬಂದರೆ ಹೆಮ್ಮೆ ಪಡುವವರು, ನಮ್ಮ ಹುಡುಗಿ ಅಲ್ಲಿಗೆ ಹೋಗುತ್ತೇನೆ ಅಂದರೆ ಯಾಕೆ ನಗಬೇಕು?

ಒಂದು ಮಾತು ನಿಜ ಅಂತ ಒಪ್ಪುತ್ತೇನೆ. ಸಿನಿಮಾದಲ್ಲಿರುವ ದೇಶ ಬೇರೆ, ಕಾಲಿಟ್ಟ ಮೇಲೆ ಸಿಗುವ ದೇಶ ಬೇರೆ. ನನಗೂ ಸಿಕ್ಕಿತು. ಬಾಡಿಗೆ ಮನೆ ಹುಡುಕುವಾಗ ಒಂದು ಕಚೇರಿಯಲ್ಲಿ ನನ್ನ ಮುಖ ನೋಡಿಯೇ "ವಿದೇಶಿಯರಿಗೆ ಕೊಡುವುದಿಲ್ಲ" ಅಂದರು. ಬಹಳ ವಿನಯದಿಂದ, ತಲೆ ಬಗ್ಗಿಸಿಯೇ ಹೇಳಿದರು. ಆವತ್ತು ರೈಲಿನಲ್ಲಿ ನಿಂತುಕೊಂಡೇ ಅತ್ತೆ. ಕೊನೆಗೆ ಸಿಕ್ಕ ಮನೆಗೆ ಮುಂಗಡ ಬೇರೆ, 'ರೇಯ್ಕಿನ್' ಅಂತ ಮಾಲೀಕರಿಗೆ ವಾಪಸ್ ಬರದ ಒಂದು ತಿಂಗಳ ಬಾಡಿಗೆ ಬೇರೆ. ಮೊದಲ ಚಳಿಗಾಲ ಪೂರ್ತಿ, ಆಫೀಸಿನ ಮಾತು ಬಿಟ್ಟರೆ, ಅಂಗಡಿಯ ಕೌಂಟರಿನಲ್ಲಿ ಆಡಿದ ಮಾತೇ ನನ್ನ ಮಾತು. ಟೊಟೊರೊ ಯಾವ ಬಸ್ ಸ್ಟಾಪಿನಲ್ಲೂ ನಿಂತಿರಲಿಲ್ಲ.

ಆದರೆ ಪ್ಯಾಕೇಜ್ ನಂಬಿ ಹೋದವರಿಗೆ ಇದೇ ಚಳಿ, ಇದೇ ಒಂಟಿತನ ಇರಲಿಲ್ಲವಾ? ಅವರಿಗೂ ಇತ್ತು. ನನ್ನ ಹತ್ತಿರ ಒಂದು ಜಾಸ್ತಿ ಇತ್ತು. ಭಾನುವಾರ ಬಂದರೆ ಸಯಾಮಾ ಗುಡ್ಡಗಳ ಕಡೆಗೆ ರೈಲು ಹತ್ತುತ್ತಿದ್ದೆ. ಟೋಕಿಯೋಗೂ ಸೈತಾಮಾಗೂ ನಡುವೆ ಇರುವ ಆ ಕಾಡು, ಟೊಕೊರೊಜಾವಾ ಕಡೆಯ ಹಳ್ಳಿಗಳೇ ಆ ಸಿನಿಮಾಕ್ಕೆ ಸ್ಫೂರ್ತಿ. ಮಿಯಾಜಾಕಿ ಇರುವುದೂ ಆ ಊರಿನಲ್ಲೇ. ಸಿನಿಮಾದಲ್ಲಿ ಅಮ್ಮ ಇರುವ ಆಸ್ಪತ್ರೆಯ ಗುಡ್ಡದ ಹೆಸರು ಶಿಚಿಕೊಕುಯಾಮಾ, ಏಳು ನಾಡಿನ ಗುಡ್ಡ. ಸಯಾಮಾ ಗುಡ್ಡಗಳಲ್ಲಿ ನಿಜವಾದ ಹಾಚಿಕೊಕುಯಾಮಾ ಇದೆ, ಎಂಟು ನಾಡಿನ ಗುಡ್ಡ. ನಾನು ಅದನ್ನು ಮೊದಲ ಸಲ ಹತ್ತಿದ್ದು ಒಂದು ಮಳೆಯ ದಿನ. ಒದ್ದೆ ಎಲೆಯ ವಾಸನೆ ನಮ್ಮ ಕಾಡಿನದೇ.

ಆ ಕಾಡನ್ನು ಸೈಟು ಮಾಡಿ ಮಾರುವ ಕಾಲ ಬಂದಿತ್ತು. ಅಲ್ಲಿನ ಜನ 1990ರಲ್ಲಿ ಟೊಟೊರೊ ಹೆಸರಿನಲ್ಲೇ ಒಂದು ನಿಧಿ ಶುರು ಮಾಡಿದರು. ಚಂದಾ ಎತ್ತಿ ಕಾಡಿನ ತುಂಡುಗಳನ್ನು ಒಂದೊಂದಾಗಿ ಕೊಳ್ಳುತ್ತಾ ಬಂದರು. ಮೊದಲ ತುಂಡು ಕೊಂಡದ್ದು 1991ರಲ್ಲಿ. ಈಗ ಐವತ್ತಕ್ಕೂ ಹೆಚ್ಚು ತುಂಡುಗಳಾಗಿವೆ. ಒಂದೊಂದಕ್ಕೂ 'ಟೊಟೊರೊ ಕಾಡು' ಅಂತ ನಂಬರ್ ಹಾಕಿದ ಬೋರ್ಡು. ನಾನೂ ವರ್ಷವರ್ಷ ಒಂದಿಷ್ಟು ಹಣ ಕೊಡುತ್ತೇನೆ. ಒಂದು ಕಾರ್ಟೂನ್ ಸಿನಿಮಾದ ಹೆಸರಲ್ಲಿ ಜನ ಕೈಯಿಂದ ದುಡ್ಡು ಹಾಕಿ ಕಾಡು ಉಳಿಸಿಕೊಂಡರು, ಚಿಕ್ಕಪ್ಪಾ. ಆ ಸಿನಿಮಾ ನನ್ನನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕರೆದುಕೊಂಡು ಹೋಯಿತು ಅಂದರೆ ನಂಬಲು ಅಷ್ಟು ಕಷ್ಟವಾ?

ನೀವು ಕೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಒಂದು ಪ್ರಶ್ನೆ ಇದೆ. ಅಪ್ಪ ಹೋದಾಗ ನಾನು ಬರಲಿಲ್ಲ. 2021ರ ಮೇ ಅದು. ಭಾರತದಿಂದ ಬರುವ ವಿದೇಶಿಯರನ್ನು, ಅಲ್ಲೇ ಮನೆ ಮಾಡಿಕೊಂಡಿರುವ ನಮ್ಮಂಥವರನ್ನೂ ಸೇರಿಸಿ, ಜಪಾನ್ ಒಳಗೆ ಬಿಡುವುದನ್ನು ನಿಲ್ಲಿಸಿತ್ತು. ಇಲ್ಲಿ ಆಸ್ಪತ್ರೆಗಳು ತುಂಬಿದ್ದವು. ತಮ್ಮ ಫೋನ್ ಹಿಡಿದು ತೋರಿಸಿದ, ನಾನು ಸೈತಾಮಾದ ಅಡುಗೆ ಮನೆಯಲ್ಲಿ ನೆಲದ ಮೇಲೆ ಕೂತು ನೋಡಿದೆ. ಕೊಡೆ ಹಿಡಿದು ಕಾದವಳು ಕೊನೆಗೆ ಅಪ್ಪನ ಹತ್ತಿರ ಇರಲಿಲ್ಲ. ಆ ನೋವು ಕಡಿಮೆಯಾಗಿಲ್ಲ, ಆಗುವುದೂ ಇಲ್ಲ. ಆದರೆ ಅದೇ ತಿಂಗಳು ಎಷ್ಟು ಮನೆಗಳಲ್ಲಿ ಕಂಪನಿ ಕಳಿಸಿದ ಮಕ್ಕಳೂ ಹೀಗೇ ಫೋನ್ ನೋಡುತ್ತಾ ಕೂತಿದ್ದರು. ಅವರನ್ನು ಯಾರೂ "ಯಾಕೆ ಹೋದೆ" ಅಂತ ಕೇಳಲಿಲ್ಲ. ನನ್ನ ಕಾರಣ ಗೊತ್ತಿದ್ದರೆ ನನ್ನನ್ನು ಮಾತ್ರ ಕೇಳುತ್ತಿದ್ದರು. ಆ ಹೆದರಿಕೆಯಿಂದಲೇ ಸುಳ್ಳು ಹೇಳಿಕೊಂಡು ಬಂದೆ.

ಅಮ್ಮನಿಗೆ ಮಾತ್ರ ನಿಜ ಗೊತ್ತು. 2016ರಲ್ಲಿ ಮೊದಲ ಸಲ ರಜೆಗೆ ಬಂದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸಿನಿಮಾ ತೋರಿಸಿದೆ. ಮಾತು ಅರ್ಥವಾಗದ ಕಡೆ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊನೆಯಲ್ಲಿ ಮಕ್ಕಳಿಬ್ಬರೂ ಅಮ್ಮನಿಗೆ ಅಂತ ತಂದ ಜೋಳದ ತೆನೆಯನ್ನು ಆಸ್ಪತ್ರೆಯ ಕಿಟಕಿಯಲ್ಲಿ ಇಟ್ಟು ಹೋಗುತ್ತಾರೆ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ನೀವಿಬ್ರೂ ಪೇರಲೆ ಹಣ್ಣು ಕಳಿಸಿದ್ರಿ, ಅಪ್ಪನ ಕೈಲಿ. ನೆನಪಿದೆಯಾ? ಒಂದಕ್ಕೆ ನಿನ್ನ ತಮ್ಮ ಕಚ್ಚಿದ್ದ." ನನಗೆ ನೆನಪಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು. ಯಾಕೆ ಹೋದೆ ಅಂತ ಅವಳು ಆಮೇಲೆ ಯಾವತ್ತೂ ಕೇಳಿಲ್ಲ.

ಇವತ್ತು ಬೆಳಿಗ್ಗೆ ಆ ಹುಡುಗಿಗೆ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ. ನಿನ್ನೆ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ ಅಂದೆ. ಅವಳು ನೋಡಿದ್ದು ಅದೇ ನಿರ್ದೇಶಕರ ಇನ್ನೊಂದು ಚಿತ್ರ, 2001ರದ್ದು, ನೀರಿನ ಮೇಲೆ ರೈಲು ಹೋಗುವುದು ಅದರಲ್ಲೇ. ಆ ರೈಲಿನ ಬಗ್ಗೆ ಹೇಳುವಾಗ ಅವಳ ದನಿ ಬದಲಾಯಿತು. ನನಗೆ ಆ ದನಿ ಚೆನ್ನಾಗಿ ಗೊತ್ತು. ಆಮೇಲೆ ಕೇಳಿದಳು, "ಅಕ್ಕ, ಬಾಡಿಗೆ ಎಷ್ಟಾಗುತ್ತೆ? ಒಬ್ಬಳೇ ಇದ್ದರೆ ತಿಂಗಳಿಗೆ ಎಷ್ಟು ಬೇಕು?" ನಕ್ಕವರು ಯಾರೂ ಅವಳಿಗೆ ಇಷ್ಟು ಬುದ್ಧಿ ಇದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲ ಹೇಳಿದೆ. ರೇಯ್ಕಿನ್ ಹೇಳಿದೆ, ವಿದೇಶಿಯರಿಗೆ ಕೊಡುವುದಿಲ್ಲ ಅನ್ನುವ ಮನೆಗಳನ್ನು ಹೇಳಿದೆ, ಚಳಿಗಾಲ ಹೇಳಿದೆ, ಮೇ ತಿಂಗಳದ್ದೂ ಹೇಳಿದೆ. ಎನ್5 ಡಿಸೆಂಬರಿನಲ್ಲಿ ಬರೆಯುತ್ತಾಳಂತೆ. ಕಾಂಜಿ ತಲೆಗೆ ಹತ್ತುತ್ತಿಲ್ಲ ಅಂದಳು.

ನನ್ನ ಹಳೆಯ ಕಾಂಜಿ ಪುಸ್ತಕಗಳು ಅಟ್ಟದ ಮೇಲಿವೆ. ಒರಲೆ ಹಿಡಿಯದ ಹಾಗೆ ಅಮ್ಮ ಪ್ಲಾಸ್ಟಿಕ್ ಸುತ್ತಿ ಕಟ್ಟಿಟ್ಟಿದ್ದಾಳೆ. ಭಾನುವಾರ ನನ್ನ ಫ್ಲೈಟು. ನಾಳೆ ಅವನ್ನು ಇಳಿಸಿ, ಒರೆಸಿ, ಅವಳ ಮನೆಗೆ ಕೊಟ್ಟು ಬರುತ್ತೇನೆ.